ಕಲ್ಲು ಓದಿದರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಸರ್, ನಾವು ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ರೈತರು. ಎಂಟು ಎಕರೆ ಒಣಬೇಸಾಯ. ಮಗಳು ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದಳು. ಪಿಸಿಎಂಬಿ, ಶೇ 84 ಬಂದಿದೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಬರಲಿಲ್ಲ. ಇಂಜಿನಿಯರಿಂಗ್ ಬೇಡ ಅನ್ನುತ್ತಾಳೆ. ಹೋದ ವರ್ಷ ನಮ್ಮ ಹೊಲದಲ್ಲಿ ಮೂರನೇ ಬೋರ್ ಕೂಡ ಫೇಲಾದ ಮೇಲೆ ಮಷಿನ್ ಇಟ್ಟು ನೀರು ನೋಡುವವರನ್ನು ಕರೆಸಿದ್ದೆವು. ಬಂದವಳು ಇಪ್ಪತ್ತೈದರ ಹುಡುಗಿ. ಅವಳ ಜೊತೆ ದಿನವಿಡೀ ವೈರು ಹಿಡಿದುಕೊಂಡು ಓಡಾಡಿದ ನಮ್ಮ ಮಗಳು ಈಗ ಜಿಯಾಲಜಿಯನ್ನೇ (ಭೂವಿಜ್ಞಾನ) ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೆಂಟರು ‘ಕಲ್ಲು ಓದಿದರೆ ಹೊಟ್ಟೆ ತುಂಬುತ್ತಾ?’ ಅಂತಾರೆ. ಎಷ್ಟು ವರ್ಷ ಓದಬೇಕು, ಕೆಲಸ ಸಿಗುತ್ತಾ, ಹೆಣ್ಣುಮಕ್ಕಳಿಗೆ ಆಗಿಬರುತ್ತಾ ತಿಳಿಸಿ. ಇನ್ನೊಂದು ಮಾತು. ನಾಲ್ಕನೇ ಬೋರ್ ಕೊರೆಸಲೋ ಬೇಡವೋ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು. ನಲವತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಪಂಚಾಯಿತಿ ನಡೆದಿತ್ತು. ನಾನು ಜಿಯಾಲಜಿ ಅಂದರೆ ಸೋದರಮಾವ ಜೂವಾಲಜಿ ಅಂತ ಕೇಳಿಸಿಕೊಂಡು, ‘ಕಪ್ಪೆ ಕೊಯ್ಯೋದಕ್ಕೆ ಅಷ್ಟು ದೂರ ಹೋಗಬೇಕಾ?’ ಅಂದಿದ್ದರು. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಇಷ್ಟು ವರ್ಷ ಕಳೆದರೂ ಆ ಪ್ರಶ್ನೆ ಹಾಗೇ ಇದೆ. ಅದೂ ನಿಮ್ಮ ಸೀಮೆಯಲ್ಲಿ!

ಯಾಕೆ ಹಾಗಂದೆ ಅಂದರೆ, ಜಗತ್ತಿನ ಯಾವ ಮೂಲೆಯಲ್ಲಿ ಜಿಯಾಲಜಿ ಓದುವವರಿಗೂ ಧಾರವಾಡ ಅನ್ನೋ ಹೆಸರು ಗೊತ್ತಿರುತ್ತದೆ. ನಿಮ್ಮ ಕಡೆಯ ಹಳೆಯ ಶಿಲೆಗಳಿಗೆ ಆ ಊರಿನ ಹೆಸರನ್ನು ಇಟ್ಟವನು ರಾಬರ್ಟ್ ಬ್ರೂಸ್ ಫೂಟ್. ಮುಂದೆ 1894ರಲ್ಲಿ ಮೈಸೂರು ಸಂಸ್ಥಾನದ ಜಿಯಾಲಜಿ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥನೂ ಅವನೇ. ನಿಮ್ಮ ಮನೆಯಿಂದ ಕಾಣುವ ಕಪ್ಪತಗುಡ್ಡ ಆ ಧಾರವಾಡ ಶಿಲೆಗಳ ಗುಡ್ಡವೇ. ಲಕ್ಕುಂಡಿಯ ಗುಡಿಗಳಲ್ಲಿ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನ ಜಾತಿಯ ಮೆತ್ತನೆ ಕಲ್ಲು ಸಿಕ್ಕಿದ್ದರಿಂದ. ಗ್ರಾನೈಟಿನಲ್ಲಿ ಆ ಕೆತ್ತನೆ ಮಾಡಲು ಹೋಗಿದ್ದರೆ ಉಳಿಯೇ ಮುರಿದುಹೋಗುತ್ತಿತ್ತು. ನಿಮ್ಮ ತಾಲ್ಲೂಕಿನ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ? ಅದೂ ಕಲ್ಲಿನಿಂದಲೇ ಬಂದದ್ದು. ಕಲ್ಲು ನಿಮ್ಮ ಮನೆಯೊಳಗೆ ಬಂದು ಯಾವ ಕಾಲವಾಯಿತೋ. ಓದುವವರು ಮಾತ್ರ ಇರಲಿಲ್ಲ, ಈಗ ಒಬ್ಬಳು ಹೊರಟಿದ್ದಾಳೆ.

ಈಗ ನೇರ ಉತ್ತರ. ಬಿ.ಎಸ್ಸಿ.ಗೇ ನಿಲ್ಲಿಸುವುದಾದರೆ ಜಿಯಾಲಜಿ ಬೇಡ. ಎಂ.ಎಸ್ಸಿ. ತನಕ ಓದಿಸುವ ಮನಸ್ಸಿದ್ದರೆ ಧೈರ್ಯವಾಗಿ ಕಳಿಸಿ. ಈ ವಿಷಯದಲ್ಲಿ ಒಳ್ಳೆಯ ಕೆಲಸಗಳ ಬಾಗಿಲೆಲ್ಲ ಎಂ.ಎಸ್ಸಿ. ಮೇಲೆಯೇ ತೆರೆಯುವುದು. ಬರೀ ಬಿ.ಎಸ್ಸಿ. ಮುಗಿಸಿದವರಿಗೆ ಕ್ವಾರಿಯಲ್ಲಿ, ಕೊಳವೆಬಾವಿ ಏಜೆನ್ಸಿಯಲ್ಲಿ ಸಹಾಯಕರ ಕೆಲಸ ಸಿಗಬಹುದು, ಅಷ್ಟೆ. ಬಿ.ಎಡ್. ಮಾಡಿ ಹೈಸ್ಕೂಲು ಮೇಡಂ ಆಗೋಣ ಅಂದರೂ ಕಷ್ಟ. ಶಾಲೆಯಲ್ಲಿ ಜಿಯಾಲಜಿ ಅನ್ನೋ ವಿಷಯವೇ ಇಲ್ಲ. ಆದ್ದರಿಂದ ಮೂರು ಮತ್ತು ಎರಡು, ಒಟ್ಟು ಐದು ವರ್ಷ ಅಂತ ಇಂದೇ ಲೆಕ್ಕ ಹಾಕಿಕೊಳ್ಳಿ. ನಡುವೆ ನಾಲ್ಕು ವರ್ಷದ ಡಿಗ್ರಿ ಬಂದಿತ್ತು. 2024ರಿಂದ ಕರ್ನಾಟಕದಲ್ಲಿ ಮತ್ತೆ ಮೂರೇ ವರ್ಷವಾಗಿದೆ. ಪರೀಕ್ಷೆಗಳಿಗೆ ಓದಲು ಇನ್ನೊಂದು ಒಂದೂವರೆ ವರ್ಷ ಹಿಡಿಯಬಹುದು. ‘ಡಿಗ್ರಿ ಮುಗೀತು, ಇನ್ನು ಮದುವೆ’ ಅನ್ನುವ ಮನೆಯಾದರೆ ಈ ದಾರಿಗೆ ಹಾಕಿ ನಡುವೆ ಎಳೆದುಕೊಳ್ಳಬೇಡಿ. ಅದಕ್ಕಿಂತ ಬೇರೆ ಏನಾದರೂ ಓದಿಸಿ.

ಎಲ್ಲಿ ಓದಬೇಕು? ನಿಮಗೆ ಹತ್ತಿರವಾದದ್ದು ಧಾರವಾಡ. ಕರ್ನಾಟಕ ಸೈನ್ಸ್ ಕಾಲೇಜಿನಲ್ಲಿ ಬಿ.ಎಸ್ಸಿ. ಜಿಯಾಲಜಿ ಇದೆ. ಅಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಇದೆ. ಮೈಸೂರಿನ ಯುವರಾಜ ಕಾಲೇಜಿನಲ್ಲೂ ಡಿಗ್ರಿಗೆ ಈ ವಿಷಯ ಸಿಗುತ್ತದೆ. ಎಂ.ಎಸ್ಸಿ.ಗೆ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವೆ. ಸಮುದ್ರದ ತಳದ ಬಗ್ಗೆ ಆಸಕ್ತಿ ಬಂದರೆ ಮಂಗಳೂರು ವಿಶ್ವವಿದ್ಯಾಲಯದ ಮರೈನ್ ಜಿಯಾಲಜಿ. ಸರ್ಕಾರಿ ಕಾಲೇಜಿನಲ್ಲಿ ಫೀಸು ಹೊರೆಯಾಗುವಷ್ಟಿಲ್ಲ. ಖರ್ಚು ಬರುವುದು ಫೀಲ್ಡ್ ಟ್ರಿಪ್‌ಗಳಿಗೆ. ಅದರಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಟ್ರಿಪ್ ತಪ್ಪಿಸಿಕೊಂಡು ಜಿಯಾಲಜಿ ಕಲಿಯುವುದೆಂದರೆ ನೀರಿಗಿಳಿಯದೆ ಈಜು ಕಲಿತ ಹಾಗೆ.

ಡಿಗ್ರಿಗೆ ಸೇರುವಾಗ ಒಂದು ವಿಷಯ ಜೋಪಾನ. ಜಿಯಾಲಜಿ ಜೊತೆಗೆ ಇನ್ನೊಂದು ಯಾವುದಾದರೂ ಆಗಲಿ ಬಿಡು ಅಂತ ಸುಮ್ನೆ ತಗೊಳ್ಳಬಾರದು. ಕೆಮಿಸ್ಟ್ರಿ ತಗೊಂಡರೆ ಖನಿಜ, ನೀರಿನ ಗುಣಮಟ್ಟದ ಕಡೆ ಹೋಗಲು ಅನುಕೂಲ. ಫಿಸಿಕ್ಸ್, ಮ್ಯಾಥ್ಸ್ ಗಟ್ಟಿಯಿದ್ದರೆ ಜಿಯೋಫಿಸಿಕ್ಸ್‌ಗೂ ದಾರಿ ಇದೆ. ನಿಮ್ಮ ಹೊಲದಲ್ಲಿ ಇಟ್ಟಿದ್ದ ಮಷಿನ್ ಆ ವಿದ್ಯೆಯದ್ದೇ. ಮ್ಯಾಥ್ಸ್ ಕಂಡರೆ ಆಗಲ್ಲ ಅಂತ ಜಿಯಾಲಜಿಗೆ ಬರುವ ಮಕ್ಕಳನ್ನು ಬಹಳ ನೋಡಿದ್ದೇನೆ. ಎಂ.ಎಸ್ಸಿ.ಗೆ ಬಂದಾಗ ಪೇಚಾಡುತ್ತಾರೆ.

ಮೊದಲ ವರ್ಷ ಮಗಳಿಗೆ ಬೇಸರ ಬರುತ್ತದೆ. ಮೊದಲೇ ಹೇಳಿಬಿಡಿ. ಹೊಲದಲ್ಲಿ ನೀರು ಹುಡುಕಿದ ಹುಡುಗಿಯನ್ನು ಕಂಡು ಬಂದವಳಿಗೆ ಅಲ್ಲಿ ಸಿಗುವುದು ಮರದ ಗೊಂಬೆಯಂಥ ಹರಳುಗಳ ಮಾದರಿ, ಬಾಯಿಗೆ ಬಾರದ ಖನಿಜಗಳ ಹೆಸರು, ಗಟ್ಟಿತನದ ಹತ್ತು ಮೆಟ್ಟಿಲಿನ ಪಟ್ಟಿ. ಆಮೇಲೆ ಒಂದು ದಿನ ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಉಜ್ಜಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತಾರೆ. ಕಪ್ಪು ಕಲ್ಲು ಅಂತ ತಿಳಿದದ್ದು ಒಳಗೆ ಇಳಕಲ್ ಸೀರೆಯ ಸೆರಗಿನ ಹಾಗೆ ಬಣ್ಣಬಣ್ಣವಾಗಿ ಹೊಳೆಯುತ್ತದೆ. ಎಷ್ಟೋ ಜನ ಈ ವಿಷಯಕ್ಕೆ ಅಂಟಿಕೊಳ್ಳುವುದು ಆ ದಿನವೇ. ನಾನೂ ಹಾಗೇ.

ಎರಡನೇ ವರ್ಷದ ಹೊತ್ತಿಗೆ ಮ್ಯಾಪಿಂಗ್ ಶುರುವಾಗುತ್ತದೆ. ಸುತ್ತಿಗೆ, ದಿಕ್ಸೂಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ, ಸುಣ್ಣದಕಲ್ಲು ಹೌದೋ ಅಲ್ಲವೋ ನೋಡಲು ಒಂದು ಬಾಟಲಿ ತೆಳು ಆಮ್ಲ. ಇಷ್ಟು ಹಿಡಿದು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡೆಯಬೇಕು. ಪದರ ಯಾವ ಕಡೆ ವಾಲಿದೆ, ಎಷ್ಟು ಡಿಗ್ರಿ ವಾಲಿದೆ ಅಳೆದು ನಕ್ಷೆಯ ಮೇಲೆ ಗುರುತು ಹಾಕಬೇಕು. ಸಂಜೆ ಎಲ್ಲ ಗುರುತು ಜೋಡಿಸಿದರೆ ನೆಲದಡಿ ಏನಿದೆ ಅನ್ನೋದು ನಿಧಾನಕ್ಕೆ ಕಾಣುತ್ತದೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿ ಅಂತ ಊರಿದೆ. ಅಲ್ಲಿಯ ಬಂಡೆ ದಿಂಬು ಪೇರಿಸಿಟ್ಟ ಹಾಗೆ ಕಾಣುತ್ತದೆ. ಲಾವಾ ನೀರಿನೊಳಗೆ ಉಕ್ಕಿ ತಣ್ಣಗಾದರೆ ಮಾತ್ರ ಕಲ್ಲು ಆ ರೂಪ ತಾಳುವುದು. ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ ದುರ್ಗದಲ್ಲಿ ಸಮುದ್ರವಿತ್ತು! ಬರದ ನಾಡು ಅಂತ ಹೆಸರಾದ ಊರಿನಲ್ಲಿ ನಿಂತು ಇದನ್ನು ಮೊದಲ ಸಲ ಕೇಳಿದಾಗ ನನ್ನ ಜೊತೆಗಿದ್ದ ಹುಡುಗನೊಬ್ಬ ಬಂಡೆಯನ್ನು ಮುಟ್ಟಿ ನಮಸ್ಕಾರ ಮಾಡಿದ್ದ.

ಇನ್ನು ಕೆಲಸದ ಮಾತು. ಸರ್ಕಾರಿ ಕೆಲಸ ಅಂದರೆ ಮೊದಲು ಬರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ. ಎಲ್ಲರೂ ಜಿಎಸ್‌ಐ ಅನ್ನುತ್ತಾರೆ. 1851ರಲ್ಲಿ ಕಲ್ಲಿದ್ದಲು ಹುಡುಕುವುದಕ್ಕೆ ಅಂತ ಶುರುವಾದ ಸಂಸ್ಥೆ. ಕೇಂದ್ರ ಕಚೇರಿ ಕೋಲ್ಕತ್ತ. ಅದರ ಸಮುದ್ರ ವಿಭಾಗದ ಮುಖ್ಯ ಕಚೇರಿ ನಮ್ಮ ಮಂಗಳೂರಿನಲ್ಲೇ ಇದೆ. ಇಲ್ಲಿಗೆ ಸೇರಲು ಯುಪಿಎಸ್‌ಸಿ ಪ್ರತಿವರ್ಷ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಎಂ.ಎಸ್ಸಿ. ಬೇಕೇ ಬೇಕು. ವಯಸ್ಸು 21ರಿಂದ 32, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಪ್ರಿಲಿಮ್ಸ್ 400 ಅಂಕಕ್ಕೆ, ಅದರಲ್ಲಿ 300 ಸ್ವಂತ ವಿಷಯದ್ದು, 100 ಸಾಮಾನ್ಯ ಜ್ಞಾನದ್ದು. ಮೇನ್ಸ್‌ನಲ್ಲಿ ತಲಾ 200ರಂತೆ ಮೂರು ಪೇಪರ್. ಆಮೇಲೆ 200 ಅಂಕದ ಸಂದರ್ಶನ. ಇದೇ ಪರೀಕ್ಷೆಯಿಂದ ಕೇಂದ್ರ ಅಂತರ್ಜಲ ಮಂಡಳಿಗೂ ಆಯ್ಕೆ ನಡೆಯುತ್ತದೆ. ಜಿಎಸ್‌ಐ ಜಿಯಾಲಜಿಸ್ಟ್ ಅಂದರೆ ಗ್ರೂಪ್ ಎ ಅಧಿಕಾರಿ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 56,100ರಿಂದ ಶುರು, ಭತ್ಯೆ ಬೇರೆ.

ಇಷ್ಟೊಳ್ಳೆ ಕೆಲಸ, ಹಾಗಾದರೆ ತೊಂದರೆ ಏನು? ಹುದ್ದೆಗಳು ಕಡಿಮೆ. ಇಡೀ ದೇಶಕ್ಕೆ ಸೇರಿ ಕೆಲವು ವರ್ಷ ನೂರೂ ಇರುವುದಿಲ್ಲ. ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. ನಿಮ್ಮ ಮಗಳು ಹತ್ತನೇ ತನಕ ಕನ್ನಡ ಮಾಧ್ಯಮ ಇರಬಹುದು ಅಂತ ನನ್ನ ಊಹೆ. ನಾನೂ ಹಾಗೇ ಬಂದವನು. ಓದಿದ್ದು ತಲೆಯಲ್ಲಿರುತ್ತದೆ, ಪೆನ್ನಿಗೆ ಬರುವುದಿಲ್ಲ. ಅದಕ್ಕೆ ಬಿ.ಎಸ್ಸಿ. ಮೊದಲ ವರ್ಷದಿಂದಲೇ ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಲಿ. ಚಿತ್ರ ಬಿಡಿಸುವುದಕ್ಕೂ ಕೈ ಪಳಗಿಸಿಕೊಳ್ಳಲಿ. ಒಳ್ಳೆಯ ಚಿತ್ರವೊಂದಿದ್ದರೆ ಅರ್ಧ ಪುಟದ ಉತ್ತರ ಉಳಿಯುತ್ತದೆ.

ಒಂದು ಸಂಗತಿ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಜಿಎಸ್‌ಐಗೆ ಆಯ್ಕೆಯಾದವರ ಫೀಲ್ಡ್ ತರಬೇತಿಗೆ ಒಂದು ಕೇಂದ್ರ ಚಿತ್ರದುರ್ಗದಲ್ಲಿದೆ. ಎಲ್ಲೆಲ್ಲಿಂದಲೋ ಮಕ್ಕಳು ಬಂದು ನಮ್ಮ ದುರ್ಗದ ಕಲ್ಲು ಓದಿ ಆಫೀಸರ್ ಆಗಿ ಹೋಗುತ್ತಾರೆ. ನಮ್ಮ ಕಡೆಯ ಡಿಗ್ರಿ ಮಕ್ಕಳನ್ನು ಕೇಳಿದರೆ ಆ ಪರೀಕ್ಷೆಯ ಹೆಸರೇ ಗೊತ್ತಿರುವುದಿಲ್ಲ.

ಇನ್ನೂ ಎರಡು ಪರೀಕ್ಷೆ ಗೊತ್ತಿರಲಿ. ಬಿ.ಎಸ್ಸಿ. ಕೊನೆ ವರ್ಷದಲ್ಲಿ ಬರೆಯುವುದು ಜಾಮ್. ಅದರಲ್ಲಿ ಜಿಯಾಲಜಿ ಪೇಪರ್ ಇದೆ. ಪಾಸಾದರೆ ಬಾಂಬೆ, ಖರಗ್‌ಪುರ, ರೂರ್ಕಿ ಐಐಟಿಗಳಲ್ಲೋ ಧನಬಾದ್‌ನಲ್ಲೋ ಎಂ.ಎಸ್ಸಿ. ಸಿಗಬಹುದು. ಶೇ 84 ತೆಗೆದ ಹುಡುಗಿ ಇದನ್ನು ಬರೆಯಲೇಬೇಕು. ಐಐಟಿ ಅಂದರೆ ಇಂಜಿನಿಯರಿಂಗ್ ಮಾತ್ರ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಇನ್ನೊಂದು ಗೇಟ್. ಎಣ್ಣೆ ತೆಗೆಯುವ ಸರ್ಕಾರಿ ಕಂಪನಿ ಓಎನ್‌ಜಿಸಿಯಂಥ ಸಂಸ್ಥೆಗಳು ಅದರ ಅಂಕ ನೋಡಿ ಜಿಯಾಲಜಿಸ್ಟರನ್ನು ತಗೊಂಡಿವೆ. ಅಲ್ಲಿ ಆರಂಭದ ವೇತನ ಶ್ರೇಣಿ 60,000ರಿಂದ 1,80,000. ಎಣ್ಣೆ ಬಾವಿಯ ಕೆಲಸದಲ್ಲಿ ಹಣ ಚೆನ್ನಾಗಿದೆ. ಆದರೆ ಕರ್ನಾಟಕದಲ್ಲಿ ಎಣ್ಣೆ ಬಾವಿ ಇಲ್ಲ, ಅಸ್ಸಾಮಿಗೋ ಗುಜರಾತಿಗೋ ಕಡಲಿನ ನಡುವಿನ ರಿಗ್ಗಿಗೋ ಹೋಗಲು ತಯಾರಿರಬೇಕು. ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ, ಲಿಥಿಯಂ ಹುಡುಕುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಗುರುತಿಸಿದ್ದು ಅವರೇ.

ಗಣಿ ಅಂದ ಕೂಡಲೇ ನಿಮ್ಮ ನೆಂಟರ ಕಣ್ಣ ಮುಂದೆ ಬಳ್ಳಾರಿ ಬಂದಿರುತ್ತದೆ. ಸಹಜ. ಗಣಿಯಲ್ಲಿ ಜಿಯಾಲಜಿಸ್ಟನ ಕೆಲಸ ಅದಿರು ಎಲ್ಲಿದೆ, ಎಷ್ಟಿದೆ, ಎಷ್ಟು ಒಳ್ಳೆಯದು ಅಂತ ಹೇಳುವುದು. ಅಗೆಯುವುದು ಮೈನಿಂಗ್ ಇಂಜಿನಿಯರ್ ಕೆಲಸ. ಅದು ಬೇರೆ ಓದು, ಸುರತ್ಕಲ್‌ನಲ್ಲಿ ಇದೆ. ರಾಯಚೂರಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಿದ್ದಾರೆ. ಕೋಲಾರದ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ 2001ರಲ್ಲಿ ಮುಚ್ಚಿತು. ಸಂಡೂರಿನ ಹತ್ತಿರ ದೋಣಿಮಲೆಯಲ್ಲಿ ಕೇಂದ್ರ ಸರ್ಕಾರದ ಕಂಪನಿ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ. ಕಲಬುರಗಿ ಕಡೆ ಸಿಮೆಂಟು ಕಾರ್ಖಾನೆಗಳಿಗೆ ಸುಣ್ಣದಕಲ್ಲು. ಎಲ್ಲ ಕಡೆ ಜಿಯಾಲಜಿಸ್ಟರು ಬೇಕು. ಹಟ್ಟಿಯ ಕಲ್ಲು ಓದಲು ಕಲಿತವರು ಆಸ್ಟ್ರೇಲಿಯದ ಕಲ್ಗೂರ್ಲಿಗೆ ಹೋದರೂ ದಿಕ್ಕು ತಪ್ಪುವುದಿಲ್ಲ. ಎರಡೂ ಕಡೆ ಚಿನ್ನ ಇರುವುದು ಒಂದೇ ಜಾತಿಯ ಹಳೆಯ ಶಿಲೆಯಲ್ಲಿ.

ಆದರೆ ಗಣಿಯ ಕೆಲಸ ಒಂದು ಏಳು, ಒಂದು ಬೀಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಅಷ್ಟು ಅಡ್ಡಾದಿಡ್ಡಿ ನಡೆದಿತ್ತು. ಆದರೆ ತಪ್ಪು ಮಾಡದ ಎಷ್ಟೋ ಹುಡುಗರು ರಾತ್ರೋರಾತ್ರಿ ಕೆಲಸ ಕಳೆದುಕೊಂಡು ಊರಿಗೆ ಬಂದರು. ನಮ್ಮ ವೃತ್ತಿಯಲ್ಲಿ ಕೆಟ್ಟ ದಾರಿಯೂ ಇದೆ ಅಂತ ನಿಮಗೆ ಗೊತ್ತಿರಬೇಕು. ನಾನು ಚಿಕ್ಕವನಿದ್ದಾಗ ಒಂದು ಖಾಸಗಿ ಕಂಪನಿಯವರು ನಾನು ಕಾಲೇ ಇಡದ ಗುಡ್ಡದ ಅದಿರಿನ ಲೆಕ್ಕಕ್ಕೆ ಸಹಿ ಹಾಕು ಅಂದರು. ಹಾಕಲಿಲ್ಲ. ಮೂರು ತಿಂಗಳ ಸಂಬಳ ಬರಲಿಲ್ಲ. ಬೇಸಿಗೆಯಿಡೀ ಅಪ್ಪನ ಹತ್ತಿರ ಬಸ್ ಚಾರ್ಜಿಗೆ ಕೈ ಚಾಚಿದೆ.

ಪೇಪರಿನ ಸುದ್ದಿ ನೋಡಿ ವಿಷಯ ಆರಿಸಿಕೊಳ್ಳುವುದೂ ಬೇಡ. 2020ರಲ್ಲಿ ಮಂಡ್ಯದಲ್ಲಿ ಲಿಥಿಯಂ ಭಂಡಾರ ಸಿಕ್ಕಿತು ಅಂತ ಎಷ್ಟು ಗದ್ದಲವಾಯಿತು! 14,100 ಟನ್ ಅಂದರು. ಮರುವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಅಂದಾಜು 1,600 ಟನ್. ನೆಲದಡಿ ಇರುವುದನ್ನು ಅಳೆಯುವುದು ಅಷ್ಟು ಸುಲಭವಲ್ಲ. ಹಾಗಂತ ಇದು ಬರೀ ಗುಳ್ಳೆಯಲ್ಲ. ಬ್ಯಾಟರಿಗೆ, ಗಾಳಿಯಂತ್ರಕ್ಕೆ ಬೇಕಾದ ಖನಿಜಗಳಿಗಾಗಿ 2025ರ ಜನವರಿಯಲ್ಲಿ ಕೇಂದ್ರ ಒಂದು ದೊಡ್ಡ ಯೋಜನೆಯನ್ನೇ ಒಪ್ಪಿತು. ಹುಡುಕುವ ಕೈಗಳಿಗೆ ಇನ್ನಷ್ಟು ವರ್ಷ ಕೆಲಸವಿದೆ.

ನನ್ನನ್ನು ಕೇಳಿದರೆ ನಿಮ್ಮ ಮಗಳು ಚಿನ್ನ ಬಿಟ್ಟು ನೀರಿನ ಹಿಂದೆ ಹೋಗಲಿ. ಅವಳ ಮನಸ್ಸೂ ಅಲ್ಲೇ ಇದೆ ಅಲ್ವಾ? ನಾನು ಇಡೀ ಆಯುಸ್ಸು ಕಳೆದದ್ದೂ ಅದರಲ್ಲೇ, ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ಆ ದಿನ ನಿಮ್ಮ ಹೊಲದಲ್ಲಿ ನಡೆದದ್ದು ಏನು ಹೇಳುತ್ತೇನೆ. ನಾಲ್ಕು ಕಬ್ಬಿಣದ ಗೂಟ ನೆಲಕ್ಕೆ ಹೊಡೆದಿರುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಡುತ್ತಾರೆ. ಒಳಗಿನ ಎರಡರಿಂದ ನೆಲ ಆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಹೊರಗಿನ ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಹೆಚ್ಚು ಆಳದ ಸುದ್ದಿ ಸಿಗುತ್ತದೆ. ಗಟ್ಟಿ ಒಣ ಬಂಡೆ ಕರೆಂಟನ್ನು ಬಿಡುವುದಿಲ್ಲ. ನೀರು ತುಂಬಿದ ಸಡಿಲ ಕಲ್ಲು ಸಲೀಸಾಗಿ ಬಿಡುತ್ತದೆ. ಕೇಳಲು ಸುಲಭ. ಮೋಸ ಎಲ್ಲಿ ಅಂದರೆ, ಜೇಡಿಮಣ್ಣೂ ಸಲೀಸಾಗಿ ಬಿಡುತ್ತದೆ, ಉಪ್ಪುನೀರೂ ಬಿಡುತ್ತದೆ. ಮಷಿನ್ ಎಲ್ಲಕ್ಕೂ ಒಂದೇ ಥರದ ನಂಬರ್ ತೋರಿಸುತ್ತದೆ. ಇದು ಜೇಡಿಯೋ ನೀರೋ ಅಂತ ತೀರ್ಮಾನ ಮಾಡುವುದು ಮಷಿನ್ ಅಲ್ಲ. ಸುತ್ತಲ ಬಾವಿ ನೋಡಿ, ಹಳ್ಳದಲ್ಲಿ ಬಂಡೆಯ ಬಿರುಕು ಯಾವ ದಿಕ್ಕಿಗಿದೆ ನೋಡಿ, ಉಪಗ್ರಹದ ಚಿತ್ರದಲ್ಲಿ ಆ ಬಿರುಕಿನ ಗೆರೆ ಎಲ್ಲಿಯ ತನಕ ಹೋಗಿದೆ ನೋಡಿ ಹೇಳುವ ಜಿಯಾಲಜಿಸ್ಟ್. ಐದು ವರ್ಷದ ಓದು ಅದಕ್ಕೇ ಬೇಕಾಗಿರುವುದು. ಮಷಿನ್ ಕೊಂಡ ಮಾತ್ರಕ್ಕೆ ನೀರು ನೋಡುವವರಾದ ಜನ ಈಗ ಜಾಸ್ತಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡುವವರಿಗೂ ಅವರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ತೆಂಗಿನಕಾಯಿಯವರು ಕಡಿಮೆ ದುಡ್ಡು ತಗೊಳ್ಳುತ್ತಾರೆ, ಅಷ್ಟೆ.

ಈ ಕೆಲಸ ಬೋರ್ ಪಾಯಿಂಟ್ ತೋರಿಸುವುದಕ್ಕೇ ಮುಗಿಯುವುದಿಲ್ಲ. ಕೋಲಾರದ ಕಡೆ ಬೋರುಗಳು ಸಾವಿರ ಅಡಿ ದಾಟಿವೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಅಲ್ಲಿಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ನೀರು ನೆಲದಡಿ ಎಲ್ಲಿ ಹೋಗುತ್ತದೆ, ಏನನ್ನು ಹೊತ್ತು ಹೋಗುತ್ತದೆ ಅಂತ ನೋಡುವವರು ಬೇಕು. ನಿಮ್ಮ ಫ್ಲೋರೈಡನ್ನೇ ನೋಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ. ಇನ್ನೂ ಜಾಸ್ತಿಯಾದರೆ ಮೂಳೆ ಹಿಡಿಯುತ್ತದೆ. ಒಂದೇ ಊರಿನಲ್ಲಿ ಒಂದು ಬೋರಿನ ನೀರು ಚೆನ್ನ, ನೂರು ಮೀಟರ್ ಆಚೆಯದು ವಿಷ. ಯಾಕೆ? ಆ ಕಲ್ಲಿನ ಖನಿಜ ಬೇರೆ, ನೀರು ಅದರ ಜೊತೆ ಕಳೆದ ಕಾಲ ಬೇರೆ. ಕಲ್ಲು, ಕೆಮಿಸ್ಟ್ರಿ ಎರಡೂ ಗೊತ್ತಿದ್ದವರು ಮಾತ್ರ ಇದನ್ನು ಬಿಡಿಸಬಲ್ಲರು. ಕೇಂದ್ರ ಅಂತರ್ಜಲ ಮಂಡಳಿ, ರಾಜ್ಯದ ಅಂತರ್ಜಲ ಇಲಾಖೆ, ನೀರಿನ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು, ಸ್ವಂತ ಕನ್ಸಲ್ಟೆನ್ಸಿ, ಎಲ್ಲ ಕಡೆ ಅವಕಾಶ ಇದೆ. ರಾಜ್ಯದ ಹುದ್ದೆಗಳನ್ನು ಕೆಪಿಎಸ್‌ಸಿ ಯಾವಾಗ ಕರೆಯುತ್ತದೆ ಅನ್ನೋದು ಮಾತ್ರ ದೇವರಿಗೇ ಗೊತ್ತು. ಅದನ್ನೇ ನೆಚ್ಚಿಕೊಂಡು ಕೂರಬಾರದು.

ಇನ್ನೊಂದು ದಾರಿ ನನ್ನ ಕಾಲದಲ್ಲಿ ಸಣ್ಣದಿತ್ತು, ಈಗ ದೊಡ್ಡದಾಗಿದೆ. ಸುರಂಗ, ಅಣೆಕಟ್ಟು, ರಸ್ತೆ ಕಟ್ಟುವ ಜಾಗದಲ್ಲಿ ಕಲ್ಲು ನೋಡುವುದು. ಬೆಂಗಳೂರು ಮೆಟ್ರೊ ಸುರಂಗ ಕೊರೆಯುವಾಗ ಯಂತ್ರದ ಮುಂದೆ ಮೇಲರ್ಧ ಮಣ್ಣು, ಕೆಳಗರ್ಧ ಕಬ್ಬಿಣದಂಥ ಕಲ್ಲು ಬರುತ್ತಿತ್ತು. ಹಾಗಾದಾಗ ಯಂತ್ರವೇ ಪರದಾಡುತ್ತದೆ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೇ ಸಿಕ್ಕಿಕೊಂಡಿದ್ದು ನಿಮಗೂ ನೆನಪಿರಬಹುದು. ನಮ್ಮಲ್ಲೇ 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರು, ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಬಿತ್ತು. ಎರಡೇ ವಾರಕ್ಕೆ ವಯನಾಡು. ಗುಡ್ಡದ ಬುಡ ಕಡಿಯುವ ಮುಂಚೆ ಒಬ್ಬ ಜಿಯಾಲಜಿಸ್ಟನನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಬಿದ್ದ ಮೇಲೆ ಕರೆಸುತ್ತಾರೆ. ಆದರೂ ಸುಧಾರಿಸುತ್ತಿದೆ. ಭೂಕುಸಿತದ ಮುನ್ಸೂಚನೆಗೆ ಜಿಎಸ್‌ಐ 2024ರಲ್ಲಿ ಕೋಲ್ಕತ್ತದಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆದಿದೆ. ಈ ಕಡೆ ಹೋಗುವುದಾದರೆ ಕಂಪ್ಯೂಟರ್ ನಕ್ಷೆ ಮಾಡುವುದು ಬರಬೇಕು. ಜಿಐಎಸ್ ಅನ್ನುತ್ತಾರೆ. ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಉಚಿತ. ಜಿಎಸ್‌ಐನ ಭೂಕೋಶ್ ತಾಣದಲ್ಲಿ ನಿಮ್ಮ ತಾಲ್ಲೂಕಿನ ಕಲ್ಲಿನ ನಕ್ಷೆಯನ್ನೂ ಪುಕ್ಕಟೆ ನೋಡಬಹುದು. ರಜೆಯಲ್ಲೇ ಶುರುಮಾಡಲಿ.

ಪಾಠ ಮಾಡುವ, ಸಂಶೋಧನೆ ಮಾಡುವ ದಾರಿ ಬೇಕಾದರೆ ಭೂವಿಜ್ಞಾನದ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಬರೆಯಬೇಕು. ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕರೆ ಪಿಎಚ್‌.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ. ಹೈದರಾಬಾದಿನ ಜಿಯೋಫಿಸಿಕ್ಸ್ ಸಂಸ್ಥೆ ಎನ್‌ಜಿಆರ್‌ಐ, ಗೋವಾದ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಒ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ದಾರಿಯ ದೊಡ್ಡ ಮನೆಗಳು. ಆರೇಳು ವರ್ಷದ ತಾಳ್ಮೆ ಬೇಕು.

ಹೆಣ್ಣುಮಗಳು ಅನ್ನೋ ಮಾತಿಗೆ ಬರೋಣ. ನಿಮ್ಮ ಹೊಲಕ್ಕೆ ಬಂದ ಹುಡುಗಿಯೇ ಅರ್ಧ ಉತ್ತರ ಕೊಟ್ಟಿದ್ದಾಳೆ. ಸುದೀಪ್ತಾ ಸೇನ್‌ಗುಪ್ತಾ ಎಂಬ ಬಂಗಾಳದ ಜಿಯಾಲಜಿಸ್ಟ್ 1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿ ಅಲ್ಲಿಯ ಕಲ್ಲು ನೋಡಿ ಬಂದರು. ಗಣಿಯೊಳಗೆ ಹೆಂಗಸರು ಇಳಿಯಬಾರದು ಅಂತ ಕಾನೂನೇ ಇತ್ತು. 2019ರಲ್ಲಿ ಕೇಂದ್ರ ಅದನ್ನು ಸಡಿಲಿಸಿತು. ಆಗ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಬೆಳಗ್ಗೆ 6ರಿಂದ ಸಂಜೆ 7ರ ತನಕ ನೆಲದೊಳಗೂ ಇಳಿಯಲು ಅವಕಾಶ ಸಿಕ್ಕಿತು. ಇದು ಕಾಗದದ ಮಾತು. ನೆಲದ ಮೇಲಿನ ಮಾತು ಅಂದರೆ ಫೀಲ್ಡ್ ಕಷ್ಟವೇ. ವರ್ಷದಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ಕ್ಯಾಂಪಿನಲ್ಲಿರಬೇಕು. ಶೌಚಾಲಯಕ್ಕೆ ಪರದಾಟ. ಗುರುತಿಲ್ಲದ ಹಳ್ಳಿಯಲ್ಲಿ ‘ಒಬ್ಬಳೇ ಏನು ಹುಡುಕ್ತಿದ್ದೀಯಮ್ಮ, ನಿಧಿಯಾ?’ ಅಂತ ಕೇಳುವವರು. ನಾನು ಕೆಲಸ ಕಲಿಸಿದವರಲ್ಲಿ ಹುಡುಗಿಯರು ನೋಟ್‌ಬುಕ್ ಬರೆಯುವುದರಲ್ಲಿ ಹುಡುಗರಿಗಿಂತ ಒಂದು ಕೈ ಮೇಲೆ. ಅವರಲ್ಲಿ ಕೆಲಸ ಬಿಟ್ಟವರು ಫೀಲ್ಡಿಗೆ ಹೆದರಿ ಬಿಡಲಿಲ್ಲ. ಮದುವೆಯಾದ ಮನೆಯವರು ಕ್ಯಾಂಪಿಗೆ ಕಳಿಸಲಿಲ್ಲ, ಅದಕ್ಕೆ ಬಿಟ್ಟರು. ಮುಂದೆ ಸಂಬಂಧ ನೋಡುವಾಗ ಈ ಮಾತು ನೆನಪಿಟ್ಟುಕೊಳ್ಳಿ. ಫೀಲ್ಡ್ ಒಗ್ಗದಿದ್ದರೆ ಲ್ಯಾಬಿದೆ, ಜಿಐಎಸ್ ಇದೆ, ಪಾಠವಿದೆ.

ನೆಂಟರಿಗೆ ಏನು ಹೇಳಬೇಕು ಅಂದರೆ, ಹೊಟ್ಟೆ ತುಂಬುತ್ತದೆ, ತಡವಾಗಿ ತುಂಬುತ್ತದೆ ಅನ್ನಿ. ಖಾಸಗಿಯಲ್ಲಿ ಮೊದಲ ಎರಡು ಮೂರು ವರ್ಷ ಸಂಬಳ ಕಡಿಮೆಯೇ. ಸಾಫ್ಟ್‌ವೇರ್ ಸೇರಿದ ಪಕ್ಕದ ಮನೆ ಹುಡುಗನ ಜೊತೆ ಹೋಲಿಸಲು ಹೋದರೆ ಮನೆಯಲ್ಲಿ ದಿನಾ ಜಗಳ.

ಕೊನೆಗೆ ನಾಲ್ಕನೇ ಬೋರ್. ಈಗಲೇ ಕೊರೆಸಬೇಡಿ. ಫೇಲಾದ ಮೂರೂ ಬೋರಿನ ವಿವರ ಮಗಳ ಕೈಯಲ್ಲಿ ಬರೆಸಿ. ಎಷ್ಟು ಅಡಿಗೆ ಕೇಸಿಂಗ್ ನಿಲ್ಲಿಸಿದರು, ಮಣ್ಣು ಮುಗಿದು ಕಲ್ಲು ಎಷ್ಟಕ್ಕೆ ಸಿಕ್ಕಿತು, ಪುಡಿ ಯಾವ ಬಣ್ಣದ್ದು, ಎಷ್ಟು ಅಡಿಗೆ ತೇವ ಬಂತು, ಬಂದು ಆಮೇಲೆ ನಿಂತಿತಾ. ನಿಮಗೆ ನೆನಪಿಲ್ಲದಿದ್ದರೆ ರಿಗ್ ತಂದವರ ಬಿಲ್ಲಿನಲ್ಲಿ ಅಡಿಯ ಲೆಕ್ಕ, ಕೇಸಿಂಗಿನ ಲೆಕ್ಕ ಎರಡೂ ಇರುತ್ತದೆ. ಹೊಲದ ಅಂಚಿನಲ್ಲಿ ಆ ಪುಡಿಯ ಗುಡ್ಡೆ ಇನ್ನೂ ಇದ್ದರೆ ಒಂದೊಂದು ಹಿಡಿ ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಟಿ ಅಂಟಿಸಲಿ. ಅಕ್ಕಪಕ್ಕದ ಹೊಲಗಳ ಬೋರುಗಳನ್ನೂ ಕೇಳಿ ಬರಲಿ, ನೀರು ಬಂದದ್ದು, ಬಾರದ್ದು ಎರಡನ್ನೂ. ಎಲ್ಲವನ್ನೂ ಒಂದು ಹಾಳೆಯ ಮೇಲೆ ನಿಮ್ಮ ಹೊಲದ ಚಿತ್ರ ಬರೆದು ಗುರುತು ಹಾಕಲಿ, ಉತ್ತರ ದಿಕ್ಕು ತೋರಿಸಿ. ಆ ಹಾಳೆ ನನಗೆ ಕಳಿಸಿ. ಕೊರೆಸುವ ಮಾತು ಅದು ಬಂದ ಮೇಲೆ ಆಡೋಣ. ಮಳೆಗಾಲಕ್ಕೆ ಮುಂಚೆ, ಒಣಗಿದ ಬೋರುಗಳಲ್ಲಿ ಒಂದರ ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಮರಳು ಪದರ ಪದರವಾಗಿ ತುಂಬಿಸಿಡಿ. ಹೊಲದ ನೀರು ಆ ಪದರದಲ್ಲಿ ಸೋಸಿಯೇ ಒಳಗೆ ಇಳಿಯಬೇಕು. ರಾಡಿ ನೀರನ್ನು ನೇರ ಬೋರಿಗೆ ಬಿಟ್ಟರೆ ಬಿರುಕುಗಳೇ ಕಟ್ಟಿಕೊಂಡು ಆ ಬೋರ್ ಪೂರ್ತಿ ಹೋಗುತ್ತದೆ.